ಪಾದಕ್ಕೆ ಹಾಕಿದ ತೇಪೆ

"ಮತ್ತೆ ಬಡ್ಕೋತಿದೆ ನೋಡ್ರೀ ಇದು!"

ಹೆಂಡತಿ ಮಂಚದಿಂದಲೇ ಕೂಗಿದ್ದಕ್ಕೆ ಪಂಕ್ಚರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬನ್ನು ಅಲ್ಲೇ ಬಿಸಾಕಿ ಒಳಗೆ ಓಡಿದ. ಅವಳ ಎಡಪಾದದ ಹುಣ್ಣಿಗೆ ಸ್ಪಂಜು ತುಂಬಿ, ಮೇಲೆ ಅಂಟುಹಾಳೆ ಹೊದಿಸಿ, ಕೊಳವೆಯಿಂದ ಕೀವು-ರಸಿಕೆ ಹೀರುವ ಪುಟ್ಟ ಯಂತ್ರ ಇಟ್ಟಿದ್ದರು. ಹಾಳೆಯೊಳಗೆ ಗಾಳಿ ನುಸುಳಿದರೆ ಅದು ಕಿರುಚುತ್ತಿತ್ತು. ಇದರಿಂದ ವಾಸಿಯಾದರೆ ಪಾದ ಉಳಿಯುತ್ತದೆ, ಇಲ್ಲದಿದ್ದರೆ ತೆಗೆಯಬೇಕು ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ನರ್ಸಮ್ಮಂಗೆ ಫೋನ್ ಮಾಡ್ರೀ."

"ಸುಮ್ನಿರೇ! ಗಾಳಿ ಎಲ್ಲಿ ಸೋರ್ತಿದೆ ಅಂತ ಹುಡ್ಕೋಕೆ ನಂಗೆ ಇನ್ನೊಬ್ರು ಬೇಕಾ? ಮೀಸೆ ಬಂದಾಗಿಂದ ಮಾಡಿರೋದೇ ಅದು."

ಹಿಮ್ಮಡಿಗೆ ಕಿವಿಯಿಟ್ಟ. ಸಿಕ್ಕೇ ಸಿಕ್ಕಿತು, ಹಾಳೆ ಸುಕ್ಕಾದಲ್ಲಿ ಸಣ್ಣಗೆ ಸುಯ್ ಎನ್ನುವ ಸದ್ದು. ಅಂಗಡಿಯಿಂದ ಸೊಲ್ಯೂಷನ್ ಅಂಟು ತಂದು ಹಾಳೆಯ ಅಂಚಿಗೂ ಚರ್ಮಕ್ಕೂ ಸೇರಿಸಿ ಸವರಿ, ಊದಿ ಒಣಗಿಸಿ, ಟ್ಯೂಬಿಗೆ ಹಾಕುವ ತೇಪೆಯನ್ನೇ ಒತ್ತಿದ. ಯಂತ್ರ ಬಾಯಿ ಮುಚ್ಚಿತು. ಅಬ್ಬಾ, ಅವನ ಬಿಗುಮಾನ ನೋಡಬೇಕಿತ್ತು!

"ಉರೀತಿದೆಯೇನೇ?"

"ನಂಗೆಲ್ಲಿ ಗೊತ್ತಾಗತ್ತೆ? ಸಕ್ಕರೆ ಕಾಯಿಲೆ ಬಂದ್ಮೇಲೆ ಆ ಕಾಲು ನಂದೋ ಅಲ್ವೋ ಅನ್ನೋ ಹಾಗಾಗಿದೆ."

ಮರುದಿನ ಡ್ರೆಸ್ಸಿಂಗ್ ಬದಲಿಸಲು ಬಂದ ನರ್ಸು ಹೊದಿಕೆ ಸರಿಸಿ ನೋಡಿ ಗರಬಡಿದವಳಂತೆ ನಿಂತಳು.

"ಇದನ್ನ ಯಾರು ಹಾಕಿದ್ದು?"

"ನಾನೇ," ಎಂದಳು ಹೆಂಡತಿ ಫಟ್ಟನೆ.

ಅವನು ಮುಂದೆ ಬಂದ. "ಇಲ್ಲಮ್ಮ, ನಾನು. ಎಲ್ಲಾ ನನ್ನ ಬುದ್ಧಿವಂತಿಕೆ."

ನರ್ಸು ಕೈಗವಸು ಹಾಕಿ ಕೂತಳು. ಅಂಟು ಬಿಡಿಸುವ ಔಷಧಿ ಹಚ್ಚಿ ಹಚ್ಚಿ, ತೇಪೆಯನ್ನು ಕೂದಲೆಳೆಯಷ್ಟೇ ಎತ್ತುತ್ತ ಹೋದಳು. ಅಷ್ಟು ಜೋಪಾನ ಮಾಡಿದರೂ ಚರ್ಮ ಜೊತೆಗೇ ಕಿತ್ತು ಬಂತು.

"ಹುಣ್ಣೇನೋ ತುಂಬ್ಕೋತಿದೆ. ಆದ್ರೆ ಸುತ್ತ ಹೀಗೆ ಬೆಂದ್ಹೋದ್ರೆ ಹಾಳೆ ಎಲ್ಲಿಗೆ ಅಂಟಿಸ್ಲಿ? ಅಂಟ್ಲಿಲ್ಲ ಅಂದ್ರೆ ಯಂತ್ರ ಇದ್ದೂ ಇಲ್ಲದ ಹಾಗೆ. ಕಾಲು ಎತ್ತಿ ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ."

ಅವನು ನೆಲದಲ್ಲಿ ಕೂತು ಎರಡೂ ಕೈಯಲ್ಲಿ ಕಾಲು ಹಿಡಿದ. ನರ್ಸು ಹುಣ್ಣಿಗೆ ಹೊಸ ಸ್ಪಂಜು ತುಂಬಿ, ಚರ್ಮ ಕಿತ್ತಲ್ಲಿ ತೆಳುಪಟ್ಟಿ ಹಾಕಿ, ದೊಡ್ಡ ಹಾಳೆಯೊಂದನ್ನು ಕಣಕಾಲಿನ ಮೇಲಿನವರೆಗೂ ಹೊದಿಸಿ ಗುಂಡಿ ಒತ್ತಿದಳು. ಯಂತ್ರ ಕಿರುಚಿತು. ಬಿಡಿಸಿ, ಒರೆಸಿ, ಮತ್ತೆ ಅಂಟಿಸಿದಳು. ಮತ್ತೆ ಕಿರುಚಿತು. ಬೇರೆ ಹಾಳೆ ತೆಗೆದಳು. ಈ ಸಲ ಸ್ಪಂಜು ಮೆಲ್ಲಗೆ ಒಳಗೆ ಕುಗ್ಗಿತು. ಮೂವರೂ ಕಾದರು. ಸದ್ದಿಲ್ಲ.

"ಸದ್ಯಕ್ಕೆ ಹಿಡಿದಿದೆ. ನಾಳೆ ಡಾಕ್ಟ್ರು ನೋಡದೇ ಏನೂ ಹೇಳೋಕಾಗಲ್ಲ," ಎಂದು ನರ್ಸು ಹೊರಟಳು.

ಹೊರಗೆ ಯಾರೋ ಗಾಳಿ ಹಾಕಿಸಲು ಸೈಕಲ್ ಬೆಲ್ಲು ಬಾರಿಸಿದರು. ಅವನು ಏಳಲಿಲ್ಲ. ಮಲಗಿದ್ದ ಹೆಂಡತಿಗೆ ಹಿಮ್ಮಡಿ ಕಾಣುತ್ತಿರಲಿಲ್ಲ, ಅವನ ಮುಖವಷ್ಟೇ ಕಾಣುತ್ತಿತ್ತು.

"ಯಾಕ್ರೀ," ಎಂದಳು, "ನಿಮಗೆ ನೋಯ್ತಿದೆಯಾ?"

ಅವನು ಕಾಲನ್ನು ಹಿಡಿದೇ ಇದ್ದ.