ಕೆಂಪು ಗೋಲಿ

ಕೈಗಡಿಯಾರದ ಕಾರ್ಖಾನೆಯ ಗೇಟಿನಲ್ಲಿ ಕಪ್ಪು ಚೀಲ ಹಿಡಿದು ನಿಲ್ಲುವುದು ನನ್ನ ಕೆಲಸ. ಚೀಲದಲ್ಲಿ ಹತ್ತೊಂಬತ್ತು ಬಿಳಿ ಗೋಲಿ, ಒಂದು ಕೆಂಪು. ಸಂಜೆ ಹೊರಗೆ ಹೋಗುವವರೆಲ್ಲ ನೋಡದೆ ಕೈಹಾಕಿ ಒಂದನ್ನು ತೆಗೆಯಬೇಕು. ಕೆಂಪು ಬಂದವರನ್ನು ಪರದೆಯ ಹಿಂದೆ ಕರೆದೊಯ್ದು, ಗಡಿಯಾರ ಬಚ್ಚಿಟ್ಟಿದ್ದಾರಾ ಅಂತ ತಡಕುತ್ತಾರೆ. ಮ್ಯಾನೇಜರಿಗೂ ಇದೇ ನಿಯಮ. ಒಮ್ಮೆ ಅವರಿಗೇ ಕೆಂಪು ಬಂದು, ಪರದೆಯ ಹೊರಗೇ ಶೂ ಬಿಚ್ಚಿ ತೂತು ಕಾಲುಚೀಲದಲ್ಲಿ ನಿಂತಾಗ ಸಾಲಿಗೆ ಸಾಲೇ ನಕ್ಕಿತ್ತು. ಆಮೇಲೆ ತಡಕಿಸಿಕೊಳ್ಳುವುದು ಯಾರಿಗೂ ಅವಮಾನ ಅನ್ನಿಸಲಿಲ್ಲ.

ಮೂರು ತಿಂಗಳ ಹಿಂದೆ ಇಲ್ಲೇ ಕೆಲಸಕ್ಕೆ ಸೇರಿದ ನನ್ನ ನಾದಿನಿಗೆ ಮಾತ್ರ ಅದೇ ಭಯ. ಹೋದ ವರ್ಷ ಆಸ್ಪತ್ರೆಯಲ್ಲಿ ಅವಳ ಎಡ ಮೊಲೆ ತೆಗೆದರು. ಆ ಜಾಗದಲ್ಲಿ ಬಟ್ಟೆಯ ಉಂಡೆ ಇಟ್ಟುಕೊಂಡು ಓಡಾಡುತ್ತಾಳೆ. ವಿಷಯ ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಸಂಬಂಧಿಕರನ್ನು ನಾವೇ ತಡಕುವಂತಿಲ್ಲ. ಹೆಂಗಸರನ್ನು ತಡಕಲು ನನ್ನ ಜೊತೆಗಿರುವವಳೋ ಕನ್ನಡಕದಕ್ಕ, ಬೇಡದ್ದನ್ನೂ ಡಂಗುರ ಸಾರುವವಳು. ಕೆಂಪು ಗೋಲಿ ಒಂದು ಕಡೆ ಮುಕ್ಕಾಗಿದ್ದು ನನಗೆ ತಿಳಿದಿತ್ತು. ನಾದಿನಿಗೆ ಹೇಳಿಬಿಟ್ಟೆ, "ಮುಕ್ಕಾಗಿರೋದು ಸಿಕ್ರೆ ಬಿಟ್ಬಿಡು." ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಆದರೂ ಪುಣ್ಯದ ಕೆಲಸ ಅಂದುಕೊಂಡೆ.

ಮೊನ್ನೆ ಎರಡು ಗಡಿಯಾರ ಕಾಣೆಯಾದವು. ಹೆಂಗಸರು ಬೆರಳು ಮಡಚಿ ಲೆಕ್ಕ ಹಾಕಿದರು. ಮೂರು ತಿಂಗಳಲ್ಲಿ ಎಲ್ಲರಿಗೂ ಕೆಂಪು ಬಂದಿದೆ, ನನ್ನ ನಾದಿನಿಯೊಬ್ಬಳಿಗೆ ಬಂದಿಲ್ಲ. "ಎಂಥಾ ಕೈಗುಣನಪ್ಪಾ!" ಅಂದಳು ಪ್ಯಾಕಿಂಗಿನವಳು. ಊಟದ ಬೆಂಚಿನಲ್ಲಿ ನಾದಿನಿಯ ಎರಡೂ ಪಕ್ಕ ಖಾಲಿಯಾಯಿತು.

ಇವತ್ತು ಅವಳ ಸರದಿ ಬಂತು. ಅವಳು ಕೈಹಾಕಿದಳು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಬೆರಳು ಒಂದೊಂದೇ ಗೋಲಿಯನ್ನು ಸವರುವುದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಹುಡುಕುತ್ತಿದ್ದಾಳೆ ಅಂತ ಹೊಳೆಯುವಷ್ಟರಲ್ಲಿ ಕೆಂಪು ಗೋಲಿ ಹೊರಗಿತ್ತು.

"ಕೈ ಜಾರ್ತೇನೋ, ಇನ್ನೊಂದ್ಸಲ..." ಎಂದು ತೊದಲಿದೆ.

"ಬೇರೆಯವ್ರಿಗೆ ಕೊಡ್ತೀಯಾ ಇನ್ನೊಂದ್ಸಲ?"

ಪರದೆ ಸರಿಯಿತು. ನಾನು ನಿಂತಲ್ಲಿ ನಿಲ್ಲಲಾರದೆ ಚೀಲವನ್ನು ಕೈಯಿಂದ ಕೈಗೆ ಬದಲಿಸಿದೆ. ಒಳಗಿಂದ ಮಾತಿಲ್ಲ. ಕನ್ನಡಕದಕ್ಕ ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಕಿವಿಗೊಟ್ಟು ಕಾದೆ. ಒಳಗೆ ನುಗ್ಗಲೇ ಅನ್ನಿಸಿತು. ಎರಡು ಹೆಜ್ಜೆ ಇಟ್ಟು ಹಿಂದೆ ಬಂದೆ.

ಕನ್ನಡಕದಕ್ಕ ಹೊರಗೆ ಬಂದು, ದಿನಾ ಎಲ್ಲರಿಗೂ ಹೇಳುವ ಅದೇ ಬೇಸರದ ದನಿಯಲ್ಲಿ, "ಏನಿಲ್ಲ, ಹೋಗು. ಮುಂದಿನೋರು ಬನ್ನಿ" ಅಂದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು, ಅಷ್ಟೇ.

ಪ್ಯಾಕಿಂಗಿನವಳು ಗೇಟಿನಾಚೆಯಿಂದ ಕೂಗಿದಳು, "ಬಾರೇ ಬೇಗ, ಬಸ್ಸು ತಪ್ಪತ್ತೆ!"

ನಾದಿನಿ ಗುಂಡಿ ಹಾಕಿಕೊಳ್ಳುತ್ತ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಅಂದಳು:

"ಮೂರು ತಿಂಗ್ಳು ನನ್ನ ಕಳ್ಳಿ ಮಾಡಿಟ್ಟಿದ್ದೆ ಅತ್ತಿಗೆ, ನೀನು."