ಎರಡು ಒಂದನೆಯ ಪುಟಗಳು

ಬೈಂಡರ್ ಓಡಿಬರುವಷ್ಟರಲ್ಲಿ ಅಕ್ಕ ನಮ್ಮ ಪುಸ್ತಕದ ಹೊಲಿಗೆಯ ಒಂದು ದಾರವನ್ನು ಕತ್ತರಿಸಿಯಾಗಿತ್ತು.

"ತಡೀರಿ ಟೀಚರಮ್ಮ! ಅಂಟು ಇನ್ನೂ ಹಸಿ ಇದೆ."

"ಪುಟ ಎಲ್ಲಾ ಕಲಸಿ ಇಟ್ಟಿದ್ದೀರಲ್ರೀ! ನಂದು ನಂಗೆ ಕೊಡಿ, ನನ್ನ ತಮ್ಮಂದು ಅವನಿಗೆ. ಎರಡು ಪುಸ್ತಕ ಆಗ್ಲಿ."

ಆರು ವರ್ಷ, ಪ್ರತಿ ಭಾನುವಾರ, ಅಕ್ಕನ ಊಟದ ಮೇಜಿಗೆ ಎದುರುಬದುರು ಕೂತು ಬರೆದದ್ದು. ಇದೂ ಬೇರೆಯಾದರೆ ಇನ್ನು ಯಾವ ನೆಪ ಹೇಳಿಕೊಂಡು ಅಲ್ಲಿಗೆ ಹೋಗಲಿ?

ಯುರೋಪಿನ ಜ್ಞಾನೋದಯ ಯುಗ ನಮಗೆ ಬಿಟ್ಟುಹೋದದ್ದೇನು ಎಂಬುದು ವಿಷಯ. ಪ್ರಶ್ನೆ ಕೇಳುವ ಧೈರ್ಯ, ಎಲ್ಲರಿಗೂ ಒಂದೇ ಹಕ್ಕು ಎನ್ನುವ ವಿದ್ವಾಂಸರ ಕಡೆಗೆ ನಾನು. ಅದೇ ವಿವೇಚನೆ ಅಳತೆಗೋಲು ಹಿಡಿದು ಅರ್ಧ ಜಗತ್ತಿಗೆ 'ಹಿಂದುಳಿದದ್ದು' ಎಂದು ಹೆಸರಿಟ್ಟು ಆಳಿತು ಎನ್ನುವವರ ಕಡೆಗೆ ಅಕ್ಕ. ನಿನ್ನೆ ಜಗಳ ಹತ್ತಿದ್ದು 'ಜ್ಞಾನೋದಯ' ಎಂಬ ಪದಕ್ಕೇ.

"ಉದಯ ಅಂದ್ರೆ? ಅಲ್ಲೀತನಕ ಮಿಕ್ಕವರೆಲ್ಲ ಕತ್ತಲಲ್ಲಿ ಬಿದ್ದಿದ್ರಾ?" ಎಂದಳು.

"ಆ ಬೆಳಕಿಲ್ಲದಿದ್ರೆ ನೀನು ಹೀಗೆ ಕೇಳ್ತಾನೇ ಇರ್ಲಿಲ್ಲ," ಎಂದೆ.

ಅಲ್ಲಿಗೆ ಮಾತು ಬಿಟ್ಟಳು.

"ನಾನು ನಂಬರ್ ನೋಡಿ ಜೋಡಿಸೋನು," ಬೈಂಡರ್ ಗೊಣಗಿದರು. "ನೀವಿಬ್ರೂ ಒಂದರಿಂದಲೇ ಹಾಕಿದ್ದೀರಿ. ಅದಕ್ಕೇ ಒಂದು, ಒಂದು. ಎರಡು, ಎರಡು."

ನಿಜ. ಯಾರದು ಮೊದಲು ಎಂಬುದು ಆರು ವರ್ಷದಲ್ಲೂ ಇತ್ಯರ್ಥವಾಗಿರಲಿಲ್ಲ.

ಅನಾಹುತವನ್ನು ಸಾಬೀತು ಮಾಡಲು ಅಕ್ಕ ಪುಸ್ತಕ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. "ಇವನ ಹನ್ನೊಂದು: 'ತನ್ನ ತಪ್ಪನ್ನು ತಾನೇ ಪ್ರಶ್ನಿಸಬಲ್ಲದ್ದು ವಿವೇಚನೆ ಮಾತ್ರ.' ತಿರುವಿದ್ರೆ ನನ್ನ ಹನ್ನೊಂದು: 'ಆದರೆ ಪ್ರಶ್ನಿಸುವ ಸರದಿ ಯಾರಿಗೆ ಸಿಕ್ಕಿತು?'"

ಓದು ನಿಲ್ಲಿಸಿದಳು. ಕನ್ನಡಕ ಮೇಲೇರಿಸಿದಳು.

"ಇದನ್ನ ಬರೆದಾಗ ನಿನ್ನ ಪುಟ ನಾನು ಓದೇ ಇರ್ಲಿಲ್ಲ ಕಣೋ."

"ಹನ್ನೆರಡು ಓದು," ಎಂದೆ.

ಕಾಲಿನಿಂದಲೇ ಸ್ಟೂಲ್ ಎಳೆದುಕೊಂಡು ಕೂತಳು. ಹನ್ನೆರಡು, ಹನ್ನೆರಡು. ಹದಿಮೂರು, ಹದಿಮೂರು. ತುಟಿಯಂಚು ಅಲುಗಿತು.

"ಇಲ್ಲೊಂದು ಕಾಮಾ ನುಂಗಿದ್ದೀಯಲ್ಲೋ, ಕತ್ತೆ."

ಅಷ್ಟು ಪ್ರೀತಿಯಿಂದ ಅವಳು ಬೈದು ಎಷ್ಟು ದಿನವಾಗಿತ್ತೋ!

ಬೈಂಡರ್ ಒದ್ದೆ ಬಟ್ಟೆಗೆ ಕೈ ಒರೆಸಿಕೊಂಡು ಮುಂದೆ ಬಂದರು. "ನಂಗೂ ಈಗ ಜ್ಞಾನೋದಯ ಆಯ್ತಮ್ಮ, ಸೇರಿಸುವಾಗ ಒಂದ್ಸಲ ನಿಮ್ಮನ್ನ ಕೇಳಬೇಕಿತ್ತು. ಕೊಡಿ, ಪೂರ್ತಿ ಬಿಚ್ಚಿ ಸಂಜೆಯೊಳಗೆ ಎರಡು ಪುಸ್ತಕ ಮಾಡ್ಕೊಡ್ತೀನಿ."

ಅಕ್ಕ ಪುಸ್ತಕವನ್ನು ಎದೆಗವಚಿಕೊಂಡಳು. ಸೆರಗಿಗೆಲ್ಲ ಅಂಟು.

"ಬೇಡ," ಎಂದಳು.