ಮೋಟುಬಾಲದ ವಂಶಾವಳಿ

ಶುರುವಾದದ್ದು ಹುಲಿಯೂರುದುರ್ಗದಲ್ಲಿ ಸಿಕ್ಕ ಒಂದು ಕೆಂಚು ಬೆಕ್ಕಿನಿಂದ. ಹುಟ್ಟಿನಿಂದಲೇ ಅದಕ್ಕೆ ಮೋಟುಬಾಲ. ಮರಳೂರಿನ ಮಂಗಳಗೌರಿ ಆರು ವರ್ಷ ಅದರ ಸಂತಾನವನ್ನು ಬೆಳೆಸಿದಳು. ಮನೆಯಲ್ಲಿ ಜಾಗ ಸಾಲದಾದಾಗ ಹೆಣ್ಣು ಬೆಕ್ಕುಗಳನ್ನು ಕುಣಿಗಲ್ಲಿನ ಚೌಡಪ್ಪನ ಮನೆಯಲ್ಲಿಟ್ಟಳು. ಕುದುರೆ ಲಾಯದಲ್ಲಿ ದುಡಿದು ಮುದುಕನಾದ ಚೌಡಪ್ಪನಿಗೆ ಯಾವುದಕ್ಕೆ ಯಾವ ಮರಿ ಹುಟ್ಟಿತೆಂದು ತಳಿಯ ಪುಸ್ತಕ ಬರೆಯುವುದು ಗೊತ್ತಿತ್ತು. ಈ ಭಾನುವಾರ ಬೆಂಗಳೂರಿನಿಂದ ಬೆಕ್ಕಿನ ಸಂಘದವರು ಬರುವವರಿದ್ದರು. ಮೂರು ತಲೆಮಾರಿನಲ್ಲಿ ಒಂದೂ ಉದ್ದ ಬಾಲ ಹುಟ್ಟಿರದಿದ್ದರೆ 'ದುರ್ಗದ ಮೋಟ' ಹೊಸ ತಳಿಯೆಂದು ಅವರ ಪಟ್ಟಿಗೆ ಸೇರುತ್ತದೆ.

ಗುರುವಾರ ಮಂಗಳಗೌರಿ ಬಸ್ಸಿಳಿದು ಚೌಡಪ್ಪನ ಮನೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಮೂರೇ ಮರಿ.

"ಫೋನಲ್ಲಿ ನಾಲ್ಕು ಅಂದಿದ್ರಲ್ಲ ಚೌಡಪ್ಪಣ್ಣ?"

"ಒಂದು ಸೋಮವಾರನೇ ಸತ್ತೋಯ್ತು ಕಣವ್ವ. ತೆಂಗಿನ ಬುಡದಲ್ಲಿ ಹೂತಾಕ್ದೆ."

ತೆಂಗಿನ ಬುಡ ನೋಡಿದಳು. ಗುದ್ದಲಿ ಕಂಡು ವರ್ಷವಾದಂತಹ ಗಟ್ಟಿ ನೆಲ. ಒಳಗೆ ಬಂದು ತಾಯಿ ಬೆಕ್ಕನ್ನು ಮಗ್ಗುಲಿಗೆ ಹೊರಳಿಸಿದಳು. ಮರಿಗಳು ತಮ್ಮ ತಮ್ಮ ಮೊಲೆ ಬಿಟ್ಟು ಬೇರೆಯದಕ್ಕೆ ಬಾಯಿ ಹಾಕುವುದು ಅಪರೂಪ. ಇಲ್ಲಿ ನಾಲ್ಕು ಮೊಲೆಗಳ ಸುತ್ತ ಕೂದಲು ಒದ್ದೆಯಾಗಿತ್ತು.

"ಸತ್ತಿರೋದು ಬೆಳಿಗ್ಗೆ ಹಾಲು ಕುಡ್ದಿದೆ, ನೋಡಿ."

"ಅಯ್ಯೋ, ಪೊಲೀಸ್ನೋರ್ ಥರ ಕೇಳ್ತೀಯಲ್ಲವ್ವ! ಮೊದ್ಲು ಕಾಫಿ ಕುಡಿ."

ಕಾಫಿ ಕುಡಿದಳು, ಕಣ್ಣು ಮಾತ್ರ ಬೆಕ್ಕಿನ ಮೇಲೇ ಇತ್ತು. ಅದು ಎದ್ದು ಮೈಮುರಿದು ಕಾಂಪೌಂಡ್ ಹಾರಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರೆ. ಇದಕ್ಕೆ ಒಂದೇ ಮನೆಗೆ ಸಾಕಾಗಿತ್ತೇನೋ, ಕತ್ತು ಕಚ್ಚಿಕೊಂಡು ಒಂದು ಮರಿಯನ್ನು ವಾಪಸ್ ತಂದಿತು. ಮರಿಯ ಬಾಲ ದಾರದಂತೆ ಉದ್ದಕ್ಕೆ ಜೋಲುತ್ತಿತ್ತು.

ಹಿಂದೆಯೇ ಗೋಡೆಯಾಚೆಯಿಂದ ಪಕ್ಕದ ಮನೆಯ ದೊಡ್ಡಗಂಗಮ್ಮನ ದನಿ: "ಲೋ ಚೌಡಪ್ಪ, ಕೊಟ್ಟ ಮರೀನ ನಿನ್ ಬೆಕ್ಕೇ ಎತ್ಕೊಂಡೋಯ್ತು ಕಣೋ! ಹೋದ್ಸಲ ಕೊಟ್ಟಿದ್ದು ಮಾತ್ರ ಇಲ್ಲೇ ಸೋಫಾ ಮೇಲೆ ಬಿದ್ಕಂಡದೆ!"

ಮಂಗಳಗೌರಿ ತಳಿಯ ಪುಸ್ತಕ ತೆರೆದಳು. ಪ್ರತಿ ಹೆರಿಗೆಯ ಕೆಳಗೂ ಚೌಡಪ್ಪನ ದುಂಡು ಅಕ್ಷರದಲ್ಲಿ 'ಒಂದು ಸತ್ತಿದೆ'. ಪ್ರತಿ ಸಲವೂ ಅದನ್ನು ಓದಿ 'ಪಾಪ' ಅಂದುಕೊಂಡಿದ್ದಳು.

"ನಿನ್ ಹೆಸ್ರು ಬರ್ಲಿ ಅಂತ ಮಾಡ್ದೆ ಕಣವ್ವ," ಎಂದ ಚೌಡಪ್ಪ, ನೆಲ ನೋಡುತ್ತ.

ಅವಳು ಸಂಘದವರಿಗೆ ಫೋನ್ ಮಾಡಿದಳು. "ಭಾನುವಾರ ಬರ್ಬೇಡಿ ಸರ್. ಇನ್ನೂ ಉದ್ದ ಬಾಲ ಹುಟ್ತಿದೆ, ತಳಿ ಸ್ಥಿರ ಆಗಿಲ್ಲ." ಆಮೇಲೆ ಮೊದಲ ಪುಟಕ್ಕೆ ಹೋಗಿ 'ಸತ್ತಿದೆ'ಯ ಮೇಲೆ ಗೀಟು ಹಾಕಿದಳು.

"ಇದು ಯಾರ ಮನೇಲಿದೆ?"

"ಗುಬ್ಬೀಲಿ. ನನ್ ಮಗಳ ಮನೇಲಿ."

ಅವಳು ಗೀಟಿನ ಮೇಲೆ 'ಗುಬ್ಬಿ, ಉದ್ದ ಬಾಲ' ಎಂದು ಬರೆದಳು. "ಬಣ್ಣ ಹೇಳಿ."